ಹೊಲಿಗೆ ಮಿಷನ್ ಯಾರದು

‘ಬೇರನ್ನು ಮರೆತ ಚಿಗುರೇ ಬದುಕೀತು’ ಎಂದೇನೋ ಒಂದು ಸಾಲನ್ನು ನಾನೇ ನಿಮಗೆ ಓದಿ ಹೇಳಿದ್ದೆ. ಅದು ಸುಳ್ಳು ಕಣ್ರೀ.

ಸೈನಿಕರು ನಮ್ಮ ಜನರನ್ನು ಕುಟುಂಬ ಸಮೇತ ಎಳೆದೊಯ್ಯುತ್ತಿದ್ದಾಗ, ನಾವಿಬ್ಬರಾದರೂ ಉಳಿಯಲೆಂದು ನನ್ನನ್ನು ಅಡುಗೆಯವಳೆಂದಿರಿ; ತಾನು ಅಂಗಡಿಯ ಕೆಲಸದವನೆಂಬಂತೆ ನಿಮ್ಮನ್ನು ‘ಮಾಸ್ಟರ್’ ಎಂದೇ ಕರೆಯಲು ಮಗನಿಗೆ ಕಲಿಸಿದಿರಿ. ಬಾಯಿ ತಪ್ಪದಿರಲೆಂದು ಊಟಕ್ಕೆ ಕೂತಾಗಲೂ ಹಾಗೆಯೇ. ನಿಮ್ಮನ್ನು ಒಯ್ದ ದಿನವೂ ಅವನು, ‘ಹೋಗಿ ಬನ್ನಿ ಮಾಸ್ಟರ್’ ಎಂದ.

ಇವತ್ತು ಸೈನಿಕರು ಅಂಗಡಿಗೆ ಬಂದು, ‘ಈ ಮಿಷನ್ ಯಾರದೋ?’ ಎಂದರು. ಅವನು ಪೆಡಲ್ ತುಳಿಯುತ್ತಲೇ, ‘ನಮ್ಮಪ್ಪಂದು’ ಎಂದ. ನಾಳೆ ಬಂದು ಕರೆದೊಯ್ಯುತ್ತಾರಂತೆ. ಓಡಿಹೋಗೆಂದೆ. ‘ಅಪ್ಪನ ಅಂಗಡಿ ಬಿಟ್ಟು ಎಲ್ಲಿಗಮ್ಮಾ?’ ಎಂದ. ನಾನೂ ಅಲ್ಲೇ ಕೂರುತ್ತೇನೆ.

ಇಷ್ಟು ದಿನ ಮುಖ ತಿರುಗಿಸುತ್ತಿದ್ದ ಪಕ್ಕದ ಮನೆಯ ದಪ್ಪಮ್ಮ ಈಗಷ್ಟೇ ಬಾಗಿಲಿಗೆ ಬಂದರು. ‘ನಾಳೆ ಬೆಳಿಗ್ಗೇನೇ ಅಳತೆ ಕೊಡೋಕೆ ಬರ್ತೀನಿ. ನನ್ನ ಸೊಂಟ ಅಳೆಯೋಕೇ ಸಂಜೆಯಾಗುತ್ತೆ. ಅವರು ಹೊರಗೆ ಕಾಯಲಿ.’