ರೇಲಿಂಗಿಗೆ ಸುತ್ತಿದ ವೈರು

ಜೂನ್ 12, ಗುರುವಾರ
ಮೂರು ಬ್ಲೌಸ್ ಮುಗಿಯಿತು. ಅಳತೆ ಕೊಡಲು ಬಂದ ಕಾವ್ಯಾ ಮೆಟ್ಟಿಲ ರೇಲಿಂಗ್ ಹಿಡಿದವಳೇ ಕೈ ಕೊಡವಿದಳು. ಜುಮ್ ಎಂದಿತಂತೆ. ಕೆಳಗಿನ ಅಂಗಡಿಯ ಬೋರ್ಡಿಗೆ ಹೊಸದಾಗಿ ಲೈಟ್ ಹಾಕಿಸಿದ್ದಾರೆ. ಅದರ ವೈರಿಗೆ ಪೈಪಿಲ್ಲ, ಏನಿಲ್ಲ... ನಮ್ಮ ಕಬ್ಬಿಣದ ಮೆಟ್ಟಿಲಿಗೇ ಸುತ್ತಿದ್ದಾರೆ. ಮೇಲಿನ ಮನೆಗೆ ಬೇರೆ ದಾರಿಯಿಲ್ಲ.

ಓನರ್ ಸತೀಶಣ್ಣನಿಗೆ ಹೇಳಿದೆ. ಅಂಗಡಿಯೂ ಅವರದೇ.

"ಮಳೆಗಾಲ ಅಲ್ವಾ ವೇದಕ್ಕ, ಚಪ್ಪಲಿ ಹಾಕ್ಕೊಂಡು ಹತ್ತಿ."

"ಕರೆಂಟ್ ಆಫೀಸಿಗೆ ಹೇಳ್ಲಾ?"

"ಹೇಳಿ. ಮೇಲ್ಗಡೆ ಲೈನಿಗೆ ಪರ್ಮಿಶನ್ನೇ ಇಲ್ಲ. ಮೊದ್ಲು ನಿಮ್ದೇ ಕಟ್ ಮಾಡ್ತಾರೆ."

ಮೇಲೆ ಬಂದೆ. ಕರೆಂಟಿನ ಹೊಲಿಗೆ ಮೆಷಿನ್ ಓಡದಿದ್ದರೆ ನಾನು, ಮಗಳು ಸುಮನಾ ತಿನ್ನುವುದೇನು?

ಜೂನ್ 17, ಮಧ್ಯಾಹ್ನ 4.10
ಜಡಿಮಳೆ. ಸತೀಶಣ್ಣ ತೀರ್ಥಹಳ್ಳಿಗೆ ಮದುವೆಗೆ ಹೋಗಿದ್ದಾರೆ. ಅಂಗಡಿಗೆ ಬೀಗ, ಬೋರ್ಡ್ ಮಾತ್ರ ಉರಿಯುತ್ತಿದೆ. ಮೇನ್ ಸ್ವಿಚ್ ಒಳಗೆ.

ಹಾಲಿಗೆಂದು ಹೊರಟೆ. ಮೊದಲ ಮೆಟ್ಟಿಲಲ್ಲೇ ರೇಲಿಂಗ್ ಕೈ ಕಚ್ಚಿ ಹಿಡಿಯಿತು. ಹೇಗೋ ಬಿಡಿಸಿಕೊಂಡು ಹಿಂದಕ್ಕೆ ಬಿದ್ದೆ. ಮೊಣಕೈವರೆಗೆ ಜೋಮು. ಇಳಿಯಲು ಧೈರ್ಯವಿಲ್ಲ. ಐದಕ್ಕೆ ಸುಮನಾ ಕಾಲೇಜಿನಿಂದ ಬರುತ್ತಾಳೆ. ಅವಳ ಫೋನ್ ಸ್ವಿಚ್ ಆಫ್.

4.30
ಕರೆಂಟ್ ಆಫೀಸಿಗೆ ಫೋನ್ ಮಾಡಿದೆ. "ಕನೆಕ್ಷನ್ ಯಾರ ಹೆಸರಲ್ಲಿದೆ?" ಎಂದರು. ಮೇಲಿನ ಲೈನಿಗೆ ಪರ್ಮಿಶನ್ ಇಲ್ಲದ್ದೂ ಸೇರಿ ಎಲ್ಲವನ್ನೂ ಹೇಳಿಬಿಟ್ಟೆ.

ಜೂನ್ 18
ನಿನ್ನೆ ಸುಮನಾಗೆ ಏನೂ ಆಗಲಿಲ್ಲ. ಕಿಟಕಿಯಿಂದ "ಮುಟ್ಟಬೇಡ್ವೇ!" ಎಂದು ಕಿರುಚಿದೆ. ಲೈನ್ ತೆಗೆಯುವವರೆಗೂ ಎದುರಿನ ಮೆಡಿಕಲ್ ಶಾಪಿನ ಮುಂದೆಯೇ ನಿಂತಿದ್ದಳು.

ಲೈನ್‌ಮನ್ ತೀರ್ಥೇಶ್ ಬಂದು ಅಂಗಡಿಯದೂ ನಮ್ಮದೂ ಕಂಬದಲ್ಲೇ ಲೈನ್ ತೆಗೆದರು. "ಹೊರಗಡೆ ವೈರಿಗೆ ಪೈಪ್ ಬೇಕು, ಕಬ್ಬಿಣಕ್ಕೆ ತಾಗಬಾರ್ದು, ಅರ್ಥಿಂಗ್ ಇರ್ಬೇಕು. ಇಲ್ಲಿ ಒಂದೂ ಇಲ್ವಲ್ಲ ಅಕ್ಕ!"

ಜೂನ್ 24, ಸಂಜೆ
ವಾರವಾಯಿತು, ಮೇಲೆ ಕತ್ತಲು. ಮೆಷಿನ್ ನಿಂತಿದೆ. ಅಂಗಡಿಗೆ ಮಾತ್ರ ನಿನ್ನೆ ಯಾರನ್ನೋ ಹಿಡಿದು ಲೈನ್ ಜೋಡಿಸಿಕೊಂಡಿದ್ದಾರೆ. ವೈರ್ ಅಲ್ಲೇ ಇದೆ. ಮೇಲೊಂದು ಸುತ್ತು ಕಪ್ಪು ಟೇಪ್.

ಬೆಳಿಗ್ಗೆ ಸತೀಶಣ್ಣ ಕಾಗದ ಕೊಟ್ಟು ಹೋದರು. 'ವೈರಿಂಗ್ ಸರಿಪಡಿಸಲಾಗಿದೆ. ನನ್ನ ದೂರು ಹಿಂಪಡೆದಿದ್ದೇನೆ.'

"ಸೈನ್ ಹಾಕಿ. ಮೇಲ್ಗಡೆಗೂ ಲೈನ್ ಮಾಡಿಸ್ಕೊಡ್ತೀನಿ. ಇಲ್ಲಾಂದ್ರೆ ಮನೆ ಖಾಲಿ ಮಾಡಿ."

ಸಾಗರದಲ್ಲಿ ಈ ಬಾಡಿಗೆಗೆ ಬೇರೆ ಮನೆ ಎಲ್ಲಿದೆ? ಮಧ್ಯಾಹ್ನವೆಲ್ಲ ಪೆನ್ನು ಹಿಡಿದು ಕೂತಿದ್ದೆ. ಸುಮನಾ ಕಾಲೇಜಿನಿಂದ ಬಂದಳು — ಮಳೆಯಲ್ಲಿ, ಎರಡೂ ಕೈ ಎದೆಗೆ ಅವುಚಿಕೊಂಡು, ಒಂದೊಂದೇ ಮೆಟ್ಟಿಲು.

ಕಾಗದದ ಸಾಲುಗಳನ್ನು ಹೊಡೆದುಹಾಕಿ ಕೆಳಗೆ ಬರೆದೆ: 'ವೈರ್ ಇನ್ನೂ ರೇಲಿಂಗ್ ಮೇಲೇ ಇದೆ.' ಸಹಿ ಹಾಕಿ, ಫೋಟೋ ತೆಗೆದು ತೀರ್ಥೇಶ್ ಅವರಿಗೆ ಕಳಿಸಿದೆ. ಮನೆ ಹೋದರೆ ಹೋಗಲಿ.

ಮೆಟ್ಟಿಲ ಮೇಲೆ ಸದ್ದು. ಕಿಟಕಿಯಿಂದ ನೋಡಿದೆ — ಸತೀಶಣ್ಣ. ಕಾಲಿಗೆ ರಬ್ಬರ್ ಬೂಟು. ರೇಲಿಂಗ್ ಮುಟ್ಟದೆ, ಗೋಡೆಗೆ ಒತ್ತಿಕೊಂಡು ಹತ್ತುತ್ತಿದ್ದಾರೆ.