ದೇವನಹಳ್ಳಿ ದಿಣ್ಣೆಯ ಗುಂಡಿ

ಫೆಬ್ರವರಿ ೧, ೧೯೪೬. ಶುಕ್ರವಾರ

ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟಾಯ್ತು. ಮೊಣಕಾಲಿಗೂ ಹಚ್ಚಿದೆ, ಹರಳೆಣ್ಣೆ. ಎರಡೂ ಇನ್ನೂ ಕಿರುಗುಟ್ಟುತ್ತಿವೆ.

ಭಾನುವಾರ ಸೈಕಲ್ ಸಂಘದ ಸವಾರಿ. ಹಲಸೂರು ಕೆರೆಯಿಂದ ನಂದಿಬೆಟ್ಟದ ಬುಡಕ್ಕೆ, ಮತ್ತೆ ವಾಪಸ್. ವಾರಪತ್ರಿಕೆಯ ನನ್ನ ಹಾಸ್ಯ ಅಂಕಣದಲ್ಲಿ ‘ನಾನು ಸೈಕಲ್ ಏರಿದರೆ ಗಾಳಿಗೇ ಏದುಸಿರು’ ಅಂತ ಬರೆದದ್ದೇ ತಪ್ಪಾಯ್ತು. ದಂಡು ಪ್ರದೇಶದ ಬ್ಲಾಕ್‌ಪಲ್ಲಿಯ ಸೈಕಲ್ ಷಾಪ್ ವಾಜಿದ್, ಸಂಘದ ಮುಖಂಡ, ಪತ್ರಿಕೆ ಹಿಡಿದುಕೊಂಡು ಮನೆಗೇ ಬಂದ. “ಬರೆಯೋದು ಬರೆದ್ಬಿಟ್ರಿ ರೈಟರ್ ಸಾಬ್. ಈಗ ತುಳಿದು ತೋರಿಸಿ.”

ಮನೆಯವಳು ರಾಮಲಕ್ಷ್ಮಿ: “ಬರುವಾಗ ಜಟಕಾದಲ್ಲಿ ಬರ್ತೀರೋ, ನಾಲ್ಕು ಜನ ಹೊತ್ಕೊಂಡು ಬರ್ತಾರೋ, ಈಗಲೇ ಹೇಳಿ. ರೇಷನ್ ಅಕ್ಕಿ ನೋಡಿ. ಸುಮ್ನೆ ಅನ್ನ ಮಿಗಬಾರ್ದು.”

ಫೆಬ್ರವರಿ ೩, ಭಾನುವಾರ, ಸಂಜೆ

ಬದುಕಿದ್ದೇನೆ. ಅಷ್ಟೇನೂ ಒಳ್ಳೆಯ ಸುದ್ದಿಯಲ್ಲ.

ಎಂಟು ಸೈಕಲ್ಲು, ಒಂದರ ಹಿಂದೊಂದು. ಸಂಘದ ಕಾನೂನು ಒಂದೇ. ಮುಂದಿನವನು ಗುಂಡಿ ಕಂಡರೆ “ಗುಂಡಿ!” ಅಂತ ಕೂಗಬೇಕು. ಅವನ ಹಿಂದಿನವನು ಅದನ್ನೇ ಕೂಗಬೇಕು. ಹೀಗೆ ಬಾಯಿಂದ ಬಾಯಿಗೆ, ಕೊನೆಯವನ ತನಕ. ಮುಂದಿನವನ ಬೆನ್ನು ಬಿಟ್ಟರೆ ಇನ್ನೇನೂ ಕಾಣದ ಮನುಷ್ಯನಿಗೆ ಆ ಕೂಗೇ ಕಣ್ಣು.

ಏಳನೆಯವನು ನಾನು. ಕೊನೆಯವರು ಮುನಿಕೃಷ್ಣಪ್ಪ, ಹಲಸೂರಿನ ಬಾಯ್ಲರ್ ವರ್ಕ್‌ಷಾಪಿನಲ್ಲಿ ತಗಡು ಜೋಡಿಸಲು ರಿವೆಟ್ ಮೊಳೆ ಹೊಡೆಯುವವರು. ಸಂಘದಲ್ಲೇ ಗಟ್ಟಿ ಕಾಲು. ಎಲ್ಲರಿಗಿಂತ ಮುಂದಿರಬೇಕಾದವರು. “ಸಾರ್ ಒಬ್ರೇ ಹಿಂದೆ ಉಳಿದ್ಬಿಟ್ರೆ?” ಅಂತ ನನಗೋಸ್ಕರ ಹಿಂದಾದರು.

ಯಲಹಂಕದ ತನಕ ಜೋಕು ಹೇಳಿದೆ. ದೇವನಹಳ್ಳಿ ದಾಟಿದ ಮೇಲೆ ದಿಣ್ಣೆಗಳು. ಏರು, ಇಳಿಜಾರು, ಮತ್ತೆ ಏರು... ಆ ಭಾಗದ ಭೂಮಿಗೆ ಯಾರೂ ಇಸ್ತ್ರಿ ಹಾಕಿಲ್ಲ. ನನ್ನ ಎದೆ ತೂತು ಬಿದ್ದ ಹಾರ್ಮೋನಿಯಂ. ಮುಂದಿನವನು ಇಪ್ಪತ್ತು ಮಾರು ಮುಂದೆ ಹೋಗಿಬಿಟ್ಟ. ಹಿಂದಿನಿಂದ ಮುನಿಕೃಷ್ಣಪ್ಪ, “ಆಯಾಸಾನಾ ಸಾರ್?” ಅಂದರು. ಇಲ್ಲವೆಂದು ಕೈಯಾಡಿಸಿದೆ. ಬಾಯಿ ಬಿಟ್ಟರೆ ಏದುಸಿರು ಕೇಳಿಬಿಡುತ್ತೆ. ತುಟಿ ಬಿಗಿದು ಮೂಗಿನಲ್ಲೇ ಉಸಿರಾಡಿದೆ. ಗಾಂಭೀರ್ಯ ಕಾಪಾಡಿಕೊಂಡೆ.

ಇಳಿಜಾರು. ಮುಂದಿನಿಂದ “ಗುಂಡಿ!” ಬಂತು. ಸಣ್ಣಗೆ ಬಂತು. ಆದರೆ ಕೇಳಿತು. ಹ್ಯಾಂಡಲ್ ಪಕ್ಕಕ್ಕೆ ತಿರುಗಿಸಿಕೊಂಡೆ.

ಕೂಗಲಿಲ್ಲ.

ಹಿಂದೆ ಧಡಾರ್ ಅಂತ ಸದ್ದು. ಮುನಿಕೃಷ್ಣಪ್ಪ ರಸ್ತೆಯ ಮೇಲೆ, ಸೈಕಲ್ಲು ಅವರ ಮೇಲೆ. ಎಡಗೈ ಮಣಿಕಟ್ಟು ಮುರಿದಿತ್ತು.

ವಾಜಿದ್ ಓಡಿ ಬಂದ. “ಕೂಗಿದ್ರಾ ರೈಟರ್ ಸಾಬ್?”

“ಕೂಗಿದೆ” ಅಂದೆ.

ಮುನಿಕೃಷ್ಣಪ್ಪ ನೆಲದ ಮೇಲಿಂದಲೇ ನನ್ನ ಪರ ವಹಿಸಿದರು. “ಸಾರ್ ಕೂಗಿರ್ತಾರಪ್ಪ. ನಂಗೇ ಕೇಳ್ಲಿಲ್ಲ. ದಿನಾ ರಿವೆಟ್ ಸದ್ದು... ಕಿವಿ ಹೋಯ್ತು ಅಂತ ಕಾಣುತ್ತೆ.”

ಫೆಬ್ರವರಿ ೫, ಮಂಗಳವಾರ

ಅಂಕಣ ಕೊಡುವ ದಿನ. ಬೇರೆ ವಿಷಯ ಹೊಳೆಯಲಿಲ್ಲ. ಹೊಳೆಯಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಸವಾರಿಯನ್ನೇ ಬರೆದೆ. ‘ನನ್ನ ಕೂಗಿಗೆ ನಂದಿಯ ಬಸವ ಎದ್ದು ಕೂತ, ನನ್ನ ಬೆನ್ನ ಹಿಂದಿದ್ದ ಹಲಸೂರಿನ ರಿವೆಟ್ ವೀರರು ಮಾತ್ರ ಬಿದ್ದು ಮಲಗಿದರು.’ ಸಂಪಾದಕರು ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಹೆಸರು ಹಾಕಿಲ್ಲ. ಹಾಕಿಲ್ಲವಲ್ಲ.

ಫೆಬ್ರವರಿ ೧೪, ಗುರುವಾರ

ವಾಜಿದ್ ಷಾಪಿಗೆ ಹೋಗಿದ್ದೆ, ಪಂಕ್ಚರ್ ಹಾಕಿಸಲು. ಟ್ಯೂಬು ನೀರಲ್ಲಿ ಅದ್ದುತ್ತಾ ಹೇಳಿದ, “ವರ್ಕ್‌ಷಾಪಿನಲ್ಲಿ ನಿಮ್ಮ ಪೇಪರ್ ಗಟ್ಟಿಯಾಗಿ ಓದಿದ್ರಂತೆ. ಎಲ್ರೂ ಹೊಟ್ಟೆ ಹಿಡ್ಕೊಂಡು ನಕ್ರಂತೆ. ಫೋರ್‌ಮನ್ ಮಾತ್ರ ನಗಲಿಲ್ಲ.”

“ಯಾಕೆ?”

“ಮುನಿಕೃಷ್ಣಪ್ಪನ್ನ ಮೇಸ್ತ್ರಿ ಮಾಡೋದಿತ್ತಲ್ಲ. ಅಲ್ಲಿ ಮೇಲಿಂದ ಸರಪಳಿಯಲ್ಲಿ ಭಾರದ ಕಬ್ಬಿಣದ ತಗಡು ಇಳಿಸ್ತಾರೆ. ಹುಷಾರ್ ಅಂದದ್ದು ಕೇಳದವನ ಕೈಗೆ ಹತ್ತು ಜನರ ತಲೆ ಕೊಡೋದು ಹೆಂಗೆ? ಕರೆಸಿ ಕೇಳಿದ್ರಂತೆ, ನಿನ್ನ ಕಿವಿ ಹೆಂಗಿದೆ ಅಂತ. ಆಯಪ್ಪ ಸುಳ್ಳು ಹೇಳೋನಲ್ಲ. ಹೋಗಿದೆ ಸಾರ್, ಅಂದ್ಬಿಟ್ನಂತೆ.”

ಪಂಕ್ಚರ್ ಮುಗಿದಿತ್ತು. ನಾನು ನಿಂತೇ ಇದ್ದೆ.

ಮನೆಯಲ್ಲಿ ಊಟ ಬೇಡವೆಂದೆ. ಯಾಕೆ ಅಂದಳು ರಾಮಲಕ್ಷ್ಮಿ. ಎಲ್ಲಾ ಹೇಳಿದೆ. ಅವಳು ಒಂದು ಚುಚ್ಚುಮಾತೂ ಆಡಲಿಲ್ಲ. ಅದಕ್ಕೇ ಹೆದರಿಕೆಯಾಯ್ತು.

ಫೆಬ್ರವರಿ ೧೭, ಭಾನುವಾರ, ಮಧ್ಯಾಹ್ನ

ಹೋಗಿ ಬಂದೆ.

ವಠಾರ. ನಲ್ಲಿಯ ಮುಂದೆ ಹೆಂಗಸರ ಸಾಲು. ಮುನಿಕೃಷ್ಣಪ್ಪ ಬಾಗಿಲಲ್ಲಿ ಕೂತಿದ್ದರು, ಕೈಗೆ ಬಿದಿರು ದಬ್ಬೆಯ ಕಟ್ಟು. ಪಕ್ಕದಲ್ಲಿ ಹೆಂಡತಿ ಪಟಾಲಮ್ಮ ಅವರೆಕಾಯಿ ಸುಲಿಯುತ್ತಿದ್ದರು. ದಾರಿಯುದ್ದಕ್ಕೂ ಘನವಾದ ವಾಕ್ಯ ಜೋಡಿಸಿಕೊಂಡು ಹೋಗಿದ್ದೆ. ಬಗ್ಗಿ ಮೆಲ್ಲಗೆ ಹೇಳಿದೆ, ಅವರಿಗಷ್ಟೇ ಕೇಳಲಿ ಅಂತ.

ಕಿವಿಗೆ ಕೈ ಅಡ್ಡ ಹಿಡಿದರು. “ಜೋರಾಗಿ ಹೇಳಿ ಸಾರ್. ಕಿವಿ ಹೋಗಿದೆಯಲ್ಲ.”

ಸ್ವಲ್ಪ ಜೋರಾಗಿ ಹೇಳಿದೆ.

“ಏನಂದ್ರಿ?”

ನಲ್ಲಿಯ ಸಾಲು ಪೂರ್ತಿ ನನ್ನ ಕಡೆ ತಿರುಗಿತು.

“ಅವತ್ತು ನಾನು ಕೂಗಲೇ ಇಲ್ಲ! ಸುಳ್ಳು ಹೇಳಿದೆ! ನಿಮ್ಮ ಕಿವಿಗೆ ಏನೂ ಆಗಿಲ್ಲ!”

ಬಿಂದಿಗೆಯೊಂದು ತುಂಬಿ ಹರಿಯುತ್ತಿತ್ತು. ಯಾರೂ ಎತ್ತಲಿಲ್ಲ.

ಮುನಿಕೃಷ್ಣಪ್ಪನವರ ಕೈ ಕಿವಿಯಿಂದ ಮೆಲ್ಲಗೆ ಇಳಿಯಿತು. ಆಮೇಲೆ ನಕ್ಕರು. ಮುಖ ತುಂಬ. “ಲೇ, ಕೇಳಿದ್ಯಾ? ಕಿವಿ ಸರಿಯಾಗೈತಂತೆ! ಸಾರ್‌ಗೆ ಕಾಫಿ ಕೊಡೇ!” ಒಂದೇ ಒಂದು ಬೈಗುಳವಿಲ್ಲ. ಬೈದಿದ್ದರೆ ಎಷ್ಟೋ...

“ನಾಳೆ ಫೋರ್‌ಮನ್ ಹತ್ರ ನಾನೇ ಬಂದು ಹೇಳ್ತೀನಿ” ಅಂದೆ.

ಪಟಾಲಮ್ಮ ತಲೆ ಎತ್ತಲಿಲ್ಲ. “ಆ ಮೇಸ್ತ್ರಿ ಜಾಗಕ್ಕೆ ನೆನ್ನೆನೇ ಬೇರೆಯವರು ಬಂದಾಯ್ತು ಸಾರ್.”

ಎದ್ದು ಒಳಗೆ ಹೋಗಿ ಕಾಫಿ ತಂದಿಟ್ಟರು. ಬೆಲ್ಲದ ಕಾಫಿ. ಕುಡಿಯದೆ ಏಳುವುದು ಹೇಗೆ, ಕುಡಿಯುವುದು ಹೇಗೆ. ಮುನಿಕೃಷ್ಣಪ್ಪ ಇನ್ನೂ ನಗುತ್ತಲೇ ಇದ್ದರು. “ಕುಡೀರಿ ಸಾರ್. ಇದನ್ನೂ ಪೇಪರಿಗೆ ಬರೀರಿ. ಜನ ನಗ್ತಾರೆ.”

ಬರೆಯಲು ಕೂತಿದ್ದೇನೆ, ಜೋಕಿಲ್ಲದೆ. ಹಾಳೆ ಹರಿದು ಹರಿದು ಈಗ ಅರ್ಧ ಸಾಲು ನಿಂತಿದೆ. ‘ಅವತ್ತು ನಾನು ಕೂಗಲಿಲ್ಲ, ಯಾಕೆಂದರೆ —’