ನಿನ್ನ ಲಿನಕ್ಸ್ ಅಳಿಸಲಿಲ್ಲ

ಟಿ. ನಗರ, ಚೆನ್ನೈ
14 ಜುಲೈ 2024

ಪ್ರೀತಿಯ ಮಗಳೇ ನಿಖಿತಾ,

ಹೇಗಿದ್ದೀಯ? ಕೊಲ್ಕತ್ತಾದ ಸೆಕೆಗೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ಸಾಸಿವೆ ಎಣ್ಣೆಯ ಅಡುಗೆ ಒಗ್ಗದಿದ್ದರೆ ಮೊಸರನ್ನಕ್ಕೆ ಈ ಚಟ್ನಿಪುಡಿ ಹಾಕಿಕೊ. ಅದರ ಪೊಟ್ಟಣದಲ್ಲೇ ಈ ಕಾಗದ ಇಡುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಪ್ಪ, ನೀನು ಕೊಲ್ಕತ್ತಾಗೆ ಓದಲು ಹೋದಂದಿನಿಂದ ನಿನ್ನ ಹತ್ತಿರ ಮಾತು ಬಿಟ್ಟ ಮಹಾನುಭಾವರು, ಸ್ಪೀಕರ್ ಹಾಕು ಎಂದು ಕಣ್ಣಿನಲ್ಲೇ ಹೇಳುತ್ತಾ ಪಕ್ಕದಲ್ಲಿ ನಿಂತಿರುತ್ತಾರೆ.

ನಮ್ಮ ಹೋಟೆಲಿಗೆ ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಬಂದಿದೆ. ಅದು ವಿಂಡೋಸ್‌ನಲ್ಲಿ ಮಾತ್ರ ಓಡುತ್ತದಂತೆ, ನೀನು ಬಿಟ್ಟುಹೋದ ಕಂಪ್ಯೂಟರಿನಲ್ಲಿ ಇರುವುದು ಬರೀ ಲಿನಕ್ಸ್. ಶೋಳಿಂಗನಲ್ಲೂರಿನ ಆಫೀಸಿಗೆ ರಜೆ ಹಾಕಿ ನಿನ್ನ ಅತ್ತೆ ಮಗ ಸಂದೇಶ್ ಬಂದ. ಅಪ್ಪ ಬಾಗಿಲಲ್ಲೇ ಹೇಳಿಬಿಟ್ಟರು: "ಸೌಂಡ್ ಕಲಿಯಲಿಕ್ಕೆ ಹೋದವಳದ್ದು ಇನ್ನು ಎಂತಕ್ಕೆ ಮಾರಾಯ? ಪೂರಾ ಅಳಿಸಿ ವಿಂಡೋಸ್ ಹಾಕು." ಲ್ಯಾಪ್‌ಟಾಪಿನಲ್ಲಿ ಹಿಡಿಸದ ನಿನ್ನ ರೆಕಾರ್ಡಿಂಗ್‌ಗಳೆಲ್ಲ ಅದರಲ್ಲೇ ಇವೆಯಲ್ಲ! "ಕೊಂಜ ಇರಿ ಮಾಮಾ, ಏನಿದೆ ನೋಡ್ತೇನೆ" ಎಂದು ಸಂದೇಶ್ ಒಂದು ಫೈಲ್ ಒತ್ತಿದ. ನಮ್ಮ ಹೋಟೆಲೇ ಕೇಳಿಸಿತು. ಕಾವಲಿಗೆ ನೀರು ಚಿಮುಕಿಸಿದ ಸದ್ದು, ಲೋಟಗಳ ಗಲಾಟೆ, ಎಲ್ಲದರ ಮೇಲೆ ಅಪ್ಪನ ಗಂಟಲು: "ಎರಡು ಬನ್ಸ್, ಒಂದು ಕಾಫಿ, ಸ್ಟ್ರಾಂಗ್!" ಅಪ್ಪ ಕುರ್ಚಿ ಎಳೆದು ಕುಳಿತರು. "ನಾನು ಇಷ್ಟು ಜೋರಾ?" ಎಂದು ನನ್ನನ್ನು ಕೇಳಿದರು. ಮದುವೆಯಾದಾಗಿನಿಂದ ಇದನ್ನೇ ಹೇಳುತ್ತಿದ್ದೇನೆ, ನಂಬಿರಲಿಲ್ಲ. ಮುಗಿದ ಮೇಲೆ ಕನ್ನಡಕ ಒರೆಸಿಕೊಂಡು ಸಂದೇಶನನ್ನು ಕೇಳಿದ್ದು ಒಂದೇ: "ಅವಳಿಗೆ ಜಾಗ ಸಾಲ್ತದಾ?"

ಆಮೇಲೆ ಡಿಸ್ಕ್ ಪಾಲು ಮಾಡುವ ಕೆಲಸ. ನಿನ್ನದನ್ನು ಸ್ವಲ್ಪವೇ ಕುಗ್ಗಿಸಿ, ಇಎಕ್ಸ್‌ಟಿ4 ಎಂಬ ಲಿನಕ್ಸ್ ನಮೂನೆಯಲ್ಲೇ ಉಳಿಸಿದ. ವಿಂಡೋಸಿಗೆ ಒಂದು ಸಣ್ಣ ತುಂಡು, ಅದರ ನಮೂನೆ ಎನ್‌ಟಿಎಫ್‌ಎಸ್; ಅದನ್ನು ಲಿನಕ್ಸೂ ಓದುತ್ತದಂತೆ. ನಿನ್ನ ಕಡೆಯದನ್ನು ವಿಂಡೋಸ್ ಓದಲಾರದಂತೆ; ಅಪ್ಪನಿಗೋ ಬಿಲ್ ಹಾಕುತ್ತಲೇ ನಿನ್ನ ರೆಕಾರ್ಡಿಂಗ್ ಕೇಳಬೇಕು. ಹಾಗಾಗಿ ಇಬ್ಬರಿಗೂ ಸೇರಿದ್ದೆಂದು ನಡುವೆ ಇನ್ನೊಂದು ತುಂಡು. ಅದಕ್ಕೆ ಎರಡಕ್ಕೂ ಒಗ್ಗುವ ಫ್ಯಾಟ್32 ಎಂಬ ಹಳೆಯ ನಮೂನೆ ಸಾಕೆಂದಿದ್ದ. ನಾಲ್ಕು ಜಿಬಿ ದಾಟಿದ ನಿನ್ನ ಉದ್ದನೆಯ ಫೈಲ್ ಅದರಲ್ಲಿ ಹಿಡಿಸದೆ ಹೋದಾಗ ಗೊಣಗಿಕೊಂಡು ಅದನ್ನೂ ಎನ್‌ಟಿಎಫ್‌ಎಸ್ ಮಾಡಿದ.

ಮರುದಿನ ಇನ್ನೊಂದು ಕಿರಿಕಿರಿ. ನಿನ್ನ ಕಡೆಯಿಂದ, ಅಂದರೆ ಲಿನಕ್ಸಿನಿಂದ, ಮತ್ತೊಂದು ರೆಕಾರ್ಡಿಂಗನ್ನು ನಡುವಿನ ಜಾಗಕ್ಕೆ ಹಾಕಲು ಹೋದರೆ, ಓದಬಹುದು, ಬರೆಯುವಂತಿಲ್ಲ ಎಂದು ಹಟ ಹಿಡಿಯಿತು. ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲವಂತೆ, ಬೇಗ ಏಳಲೆಂದು ಅರೆನಿದ್ದೆಯಲ್ಲಿ ಇರುತ್ತದಂತೆ. ಮಧ್ಯಾಹ್ನ ಅರ್ಧ ಷಟರ್ ಇಳಿಸಿ ನಮ್ಮ ಹೋಟೆಲಿನವರು ಮಲಗುವ ಹಾಗೆ. ಷಟರ್ ನೆಲಕ್ಕೆ ತಾಗಿಸುವುದೆಂದರೆ ಅಪ್ಪನಿಗೆ ಅಪಶಕುನ, ನಿನಗೆ ಗೊತ್ತಲ್ಲ. ಆದರೂ ಸಂದೇಶ್ ಸೆಟ್ಟಿಂಗ್ ಬದಲಿಸಿಕೊಟ್ಟ ಮೇಲೆ ದಿನವೂ ಪೂರ್ತಿ ಷಟ್‌ಡೌನ್ ಮಾಡುತ್ತಾರೆ. ಪರದೆ ಕಪ್ಪಾಗುವ ತನಕ ಕುರ್ಚಿ ಬಿಟ್ಟು ಏಳುವುದಿಲ್ಲ. ನೋಡಿ ನೋಡಿ ನನಗೆ ಖುಷಿಯೋ ಖುಷಿ.

ಹೊತ್ತಿಗೆ ಸರಿಯಾಗಿ ಉಣ್ಣು, ಆ ಹೆಡ್‌ಫೋನ್ ತೆಗೆದು ಸ್ವಲ್ಪ ನಿದ್ದೆ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಊರ್ಮಿಳಾ

ತಾ.ಕ.: ಮರೆತೇಬಿಟ್ಟಿದ್ದೆ. ಹೊಸ ಗ್ರೈಂಡರ್ ಬಂದಿದೆ. ಬೆಳಿಗ್ಗೆ ಅಪ್ಪ ಅದರ ಹತ್ತಿರ ಫೋನ್ ಹಿಡಿದು ನಿಂತಿದ್ದರು, ಅಂಗಿಗೆಲ್ಲ ಹಿಟ್ಟು. ಆ ಸದ್ದನ್ನು ನಡುವಿನ ಜಾಗದಲ್ಲಿ ತಾವೇ ಇಟ್ಟಿದ್ದಾರೆ. ಕೊನೆಯಲ್ಲಿ ಅವರ ದನಿಯೂ ಇದೆ, ನಾನು ಎಂದೂ ಕೇಳಿರದಷ್ಟು ಮೆಲ್ಲಗೆ: "ನಿಖಿತಾ, ಸರಿ ಬಂದಿದೆಯಾ ನೋಡಿ ಹೇಳು." ಕಳಿಸಿಕೊಡೋಣವೆಂದರೆ ಮಾತ್ರ ಒಪ್ಪುತ್ತಿಲ್ಲ. ನೀನೇ ಬಂದು, ನಿನ್ನ ಕಡೆಯಿಂದ ತೆರೆದು ಕೇಳಬೇಕಂತೆ.